ಗೇಣುದ್ದದ ಕೂಳೆ

ಮೂರನೆಯ ಕಲ್ಲು ಬೀಳುವ ಮೊದಲೇ ಚಲುವರಾಜು ಜೀಪಿನಿಂದ ಧುಮುಕಿದ.

ಎರಡು ಕಲ್ಲು ಆಗಲೇ ಬಿದ್ದಿದ್ದವು. ಒಂದು ಗೋಡೆಗೆ, ಒಂದು ದೇವಿರಮ್ಮನ ಭುಜಕ್ಕೆ. ಗೋಡೆಯೆಂದರೆ ಅರ್ಧ ಗೋಡೆ. ಉಳಿದರ್ಧವನ್ನು ಒಂಬತ್ತು ದಿನದ ಹಿಂದೆ ಹಳ್ಳ ನುಂಗಿತ್ತು. ಆ ಅರ್ಧ ಗೋಡೆಗೆ ಬೆನ್ನು ಕೊಟ್ಟು ಮುದುಕಿ ನಿಂತಿದ್ದಳು. ಅಳುತ್ತಿರಲಿಲ್ಲ. ಎಸೆಯುವವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು.

"ಯಾವನ್ಲಾ ಅವ್ನು ಎಸೆದೋನು? ಮುಂದಕ್ಕೆ ಬಾ!"

ಯಾರೂ ಬರಲಿಲ್ಲ. ಸಬ್‌ಇನ್‌ಸ್ಪೆಕ್ಟರನ ಖಾಕಿಗೆ ಹೆದರಿ ಅಲ್ಲ. ಜೊಂಡಿನಕೊಪ್ಪಲಿನ ಜನ ಹೆದರುವ ಸ್ಥಿತಿಯನ್ನು ದಾಟಿ ಬಹಳ ದೂರ ಬಂದಿದ್ದರು. ಗುಂಪಿನಲ್ಲಿದ್ದ ಒಬ್ಬ ಗಂಡಸು ಕೈಯಲ್ಲಿದ್ದ ಕಲ್ಲನ್ನು ಬಿಸಾಡಲೂ ಇಲ್ಲ, ಬಚ್ಚಿಡಲೂ ಇಲ್ಲ.

"ಇವಳ ಗಂಡ ಒಡ್ಡು ಕಡಿದು ಓಡೋದ ಸಾ. ನಾವು ಆರು ಹೆಣ ಹೂತಿದ್ದೀವಿ. ಅದ್ರಲ್ಲಿ ಒಂದು ನನ್ನ ಮಗೀದು. ಕಲ್ಲು ಎಸೀಬಾರ್ದು ಅಂತ ನೀವು ಏಳ್ತೀರಾ?"

ಉತ್ತರವಿಲ್ಲದಾಗ ಚಲುವರಾಜುವಿಗೆ ಸಿಟ್ಟು ಬರುತ್ತಿತ್ತು. ಈ ಒಂಬತ್ತು ದಿನವೂ ಅವನು ಸಿಟ್ಟಿನಲ್ಲೇ ಎದ್ದು ಸಿಟ್ಟಿನಲ್ಲೇ ಮಲಗಿದ್ದ.

"ನನ್ ಗಂಡ ನಲವತ್ತು ವರ್ಸ ಈ ನೀರು ಕಾದವನೆ," ಎಂದಳು ದೇವಿರಮ್ಮ. ಅವನಿಗಲ್ಲ, ಕಲ್ಲು ಹಿಡಿದವನಿಗೆ. "ನೀನು ಉಟ್ಟಿದ್ ದಿವ್ಸಾನೂ ಕಾದಿದ್ದ ಕಣ್ಲಾ. ಎಸಿ. ಎಸೆದು ಬುಡು."

ಕಲ್ಲು ಕೈಯಲ್ಲೇ ಉಳಿಯಿತು.

ಕೊಲ್ಲಿಯಲ್ಲೆದ್ದ ಬಿರುಗಾಳಿ ಮಂಡ್ಯ ಸೀಮೆಯ ಮೇಲೆ ಒಂದು ಹಗಲು ಒಂದು ರಾತ್ರಿ ಮಳೆ ಸುರಿಸಿ ಹೋಗಿತ್ತು. ಕೊಪ್ಪಲಿನ ಮೇಲುಗಡೆ ಇದ್ದ ಜೌಗಿನ ಒಡ್ಡು ಒಡೆದು, ನಲವತ್ತೊಂದು ಮನೆ ಕೊಚ್ಚಿ ಹೋಗಿದ್ದವು. ಜೌಗಿನ ನೀರು ಕಾಯುತ್ತಿದ್ದ ನೀರಗಂಟಿ ಕೆಂಪಯ್ಯ ಕಾಣೆಯಾಗಿದ್ದ. 'ನೀರಗಂಟಿಯೇ ತನ್ನ ಗುದ್ದಲಿಯಿಂದ ಒಡ್ಡು ಕಡಿದು ತಲೆಮರೆಸಿಕೊಂಡಿದ್ದಾನೆ' ಎಂದು ಹಳೆಯ ಪಟೇಲ ತಿಮ್ಮಯ್ಯ ಮಹಜರು ಬರೆಸಿದ್ದ. ಸಂಜೆ ಐದಕ್ಕೆ ತಹಸೀಲ್ದಾರರು ಬಂದು ಅದರ ಕೆಳಗೆ ರುಜು ಹಾಕುವವರಿದ್ದರು. ರುಜು ಬಿದ್ದರೆ ಕೆಂಪಯ್ಯ ಆರು ಕೊಲೆಯ ಆರೋಪಿ. ಅವನ ಹೆಂಡತಿಗೆ ಈ ಅರ್ಧ ಗೋಡೆಯೂ ಇಲ್ಲ.

ಚಲುವರಾಜು ಗಡಿಯಾರ ನೋಡಿದ. ಹನ್ನೊಂದೂವರೆ.

ಅವನ ಕೈಯಲ್ಲಿದ್ದದ್ದು ಒಂದೇ ಎಳೆ. ಬಿರುಗಾಳಿಯ ಹಿಂದಿನ ದಿನ ಕೆಂಪಯ್ಯ ಮದ್ದೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿದ್ದ. ಕಂಡಕ್ಟರನಿಗೆ ಚೆನ್ನಾಗಿ ನೆನಪಿತ್ತು. ಕಂಕುಳಲ್ಲಿ ಸುತ್ತಿದ ಚಾಪೆ ಇಟ್ಟುಕೊಂಡ ಮುದುಕ, ಚಾಪೆಗೂ ಟಿಕೀಟು ತಗೋ ಎಂದದ್ದಕ್ಕೆ ಜಗಳ ತೆಗೆದಿದ್ದ. ಇಳಿದದ್ದು ನಿಡಘಟ್ಟದಲ್ಲಿ.

ನಿಡಘಟ್ಟ ಚಲುವರಾಜುವಿನ ಸ್ವಂತ ಊರು. ಅಲ್ಲಿ ಕೆಂಪಯ್ಯನಿಗೆ ನೆಂಟರಿಲ್ಲ, ಇಷ್ಟರಿಲ್ಲ. ನಿನ್ನೆ ಇಡೀ ಮಧ್ಯಾಹ್ನ ಅರ್ಜಿ ಬರೆಯುವವರ ಮನೆ, ಹೋಟೆಲು, ಕಟಿಂಗ್ ಶಾಪು ಎಲ್ಲ ಸುತ್ತಿ ಕೊನೆಗೆ ತಾಯಿಯ ಮನೆಗೆ ಹೋಗಿ ಕುಕ್ಕರಿಸಿದ್ದ. ಯಶೋದಮ್ಮ ಹೊಸ ಚಾಪೆ ಹಾಸಿ, ಮುದ್ದೆ ಇಟ್ಟು, ಹುರುಳಿ ಬಸ್ಸಾರು ಸುರಿದಿದ್ದಳು.

"ಅವ್ವ, ಯಾರಾದ್ರೂ ಮುದುಕ ಈ ಕಡೆ ಬಂದಿದ್ನಾ?"

"ನನ್ ಮನೆಗೆ ಬರೋ ಮುದುಕ ಯಾವನಪ್ಪ? ಇದ್ದೋನು ನಿಮ್ಮಪ್ಪ ಒಬ್ಬ, ಅವ್ನು ಓಗಿ ಅತ್ತು ವರ್ಸ ಆಯ್ತು. ಇನ್ನೊಂದ್ ಮುದ್ದೆ ಇಕ್ಲಾ?"

ಅವನು ನಕ್ಕಿದ್ದ. ಒಂಬತ್ತು ದಿನದಲ್ಲಿ ಅದೊಂದೇ ನಗು.

"ಸಾ."

ಕರೆದವಳು ಮರಿತಾಯಮ್ಮ, ಕೊಪ್ಪಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಾಪೆ ನೇಯುವವಳು. ಅರವತ್ತರ ಆಸುಪಾಸು. ಜೊಂಡು ಕೊಯ್ದು ಕೊಯ್ದು ಮೊಣಕಾಲಿನ ಕೆಳಗೆ ಚರ್ಮ ಕಪ್ಪಗೆ ಹೊಳೆಯುತ್ತಿತ್ತು. ಅವಳು ಅವನ ಮುಖ ನೋಡದೆ ಬೂಟು ನೋಡಿದಳು.

"ಅದ ಬಿಚ್ಚಿ ಬಾ. ಒಂದು ತೋರುಸ್ಬೇಕು."

"ಏನು?"

"ಬಾಯಲ್ಲಿ ಏಳೋದಾಗಿದ್ರೆ ಬೂಟು ಯಾಕಪ್ಪ ಬಿಚ್ಚುಸ್ತಿದ್ದೆ?"

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಚೌಡಯ್ಯ ಕೆಮ್ಮಿ ನಗು ನುಂಗಿದ. ಚಲುವರಾಜು ಅವನನ್ನು ದೇವಿರಮ್ಮನ ಕಾವಲಿಗೆ ನಿಲ್ಲಿಸಿ, ಬೂಟು ಬಿಚ್ಚಿ, ಪ್ಯಾಂಟು ಮಡಚಿ ಹೊರಟ.

ಜೌಗು ಈಗ ಜೌಗಾಗಿರಲಿಲ್ಲ. ಎಪ್ಪತ್ತು ಎಕರೆ ಕೆಸರು, ಬಿರುಕು ಬಿಡಲು ಕಾಯುತ್ತ ಬಿಸಿಲಿಗೆ ಬಿದ್ದಿತ್ತು. ನಡುವೆ ಹಳ್ಳ ಕೊರೆದ ಆಳದ ಗಾಯ. ಆ ಗಾಯ ನೇರವಾಗಿ ಒಡ್ಡಿನ ಕಡೆಗೆ, ತಿಮ್ಮಯ್ಯನ ಕಬ್ಬಿನ ಗದ್ದೆಯ ಹಿಂದಕ್ಕೆ ಹೋಗಿತ್ತು. ಕಬ್ಬು ಎರಡಾಳು ಎತ್ತರ. ಒಡ್ಡಿನ ಆ ತುದಿ ಊರಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

"ಮೊದಲು ಮಳೆ ಬಂದ್ರೆ ಏನಾಗ್ತಿತ್ತು ಇಲ್ಲಿ?" ಎಂದು ಕೇಳಿದ.

"ಏನೂ ಆಯ್ತಿರ್ನಿಲ್ಲ. ಅದೇ ಕಣಪ್ಪ ಅದರ ಕೆಲ್ಸ. ಹಳ್ಳ ಹುಚ್ಚುಹೋರಿ ಇದ್ದಂಗೆ ನುಗ್ಗಿ ಬರೋದು. ಜೊಂಡು ಅದರ ಕಾಲಿಗೆ ತೊಡರು ಹಾಕೋದು. ಆಮೇಲೆ ನೀರು ಹಸ ಆಗಿ, ಮೂರು ದಿವ್ಸ ನಾಕು ದಿವ್ಸ ಇಲ್ಲೇ ಮೆಲುಕಾಡಿ, ಮೆಲ್ಲಗೆ ಕೋಡಿ ಬಿದ್ದು ಸಿಂಸಾ ಹೊಳೆಗೆ ಓಗೋದು. ನಾನು ಸೊಸೆಯಾಗಿ ಬಂದಾಗಿಂದ ಕೊಪ್ಲಲ್ಲಿ ಒಂದು ಗೋಡೆ ನೆನೆದಿದ್ದು ಕಾಣೆ."

ಅವಳು ನಿಂತಳು. "ಇದ ನೋಡು."

ಅಂಚಿನಲ್ಲಿ, ಪ್ರವಾಹದ ಸೆಳೆತ ತಲುಪದ ಕಡೆ, ಕೊಯ್ದ ಜೊಂಡಿನ ಕೂಳೆಗಳು ನಿಂತಿದ್ದವು. ಸೊಂಟದೆತ್ತರ. ತುದಿ ಓರೆಯಾಗಿ ಕೊಯ್ದದ್ದು.

"ಇನ್ನು ಆ ಕಡೆ ನೋಡು."

ಐವತ್ತು ಹೆಜ್ಜೆ ಒಳಗೆ ಇನ್ನೊಂದು ಪಟ್ಟೆ. ಅಲ್ಲಿಯ ಕೂಳೆಗಳು ಕೆಸರಿನಿಂದ ಬರೀ ಗೇಣುದ್ದ. ಪ್ರತಿಯೊಂದರ ನಡುವಿನಿಂದಲೂ ಬೆರಳುದ್ದ ಹಸಿರು ಕುಡಿ ಬಂದಿತ್ತು.

ಚಲುವರಾಜು ಎರಡನ್ನೂ ನೋಡಿದ. ರೈತನ ಮಗ. ಆದರೆ ಒಣ ಹೊಲದ ರೈತನ ಮಗ. ಅವನಿಗೆ ಏನೂ ಹೊಳೆಯಲಿಲ್ಲ.

"ಎರಡು ಜನ ಕೊಯ್ದಿರಬೇಕು. ಒಬ್ಬರು ಎತ್ತರಕ್ಕೆ, ಒಬ್ಬರು ಬುಡಕ್ಕೆ."

"ಅಯ್ಯೋ ನಿನ್ ಪೋಲೀಸು ಬುದ್ಧಿಗಿಷ್ಟು!" ಮರಿತಾಯಮ್ಮ ಹಣೆ ಚಚ್ಚಿಕೊಂಡಳು. "ಎರಡೂ ನಾವೇ ಕುಯ್ದಿದ್ದು. ಜೊಂಡ ನೀರಿನ ಮೇಲೆ ಗೇಣು ಬುಟ್ಟೇ ಕುಯ್ಯಬೇಕು. ಕೂಳೆ ಬಾಯಿ ನೀರೊಳಗೆ ಮುಳುಗ್ತು ಅಂದ್ರೆ ಬುಡಕ್ಕೆ ಉಸಿರು ಕಟ್ಟಿ ವಾರದೊಳಗೆ ಕೊಳೆತೋಯ್ತದೆ. ನಮ್ಮತ್ತೆ ಕೈಗೆ ಕುಡುಗೋಲು ಕೊಟ್ಟು ಏಳಿದ್ದು ಅದೊಂದೇ ಮಾತು. ಈ ಕೊಪ್ಲಿನ ಎಂಗಸು ಗಂಡನ ಮುಖ ಮರ್ತಾಳು, ಇದ ಮರೆಯಕಿಲ್ಲ."

ನೀರಿನ ಮೇಲೆ ಗೇಣು.

ಅವನು ನಿಧಾನವಾಗಿ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತ. ಸೊಂಟದೆತ್ತರದ ಕೂಳೆ ಎಂದರೆ ಕೊಯ್ದ ದಿನ ನೀರು ತೊಡೆಯ ತನಕ ಇತ್ತು. ಗೇಣುದ್ದದ ಕೂಳೆ ಎಂದರೆ—

"ಇದನ್ನ ಕೊಯ್ದ ದಿನ ನೀರೇ ಇರಲಿಲ್ಲ."

"ಈಗ ಬಂದೆ ನೋಡು ದಾರಿಗೆ."

"ಯಾವತ್ತು ಕೊಯ್ದದ್ದು?"

"ಎತ್ತರದ್ದು ಮಾರ್ನಮಿ ಹಬ್ಬಕ್ಕೆ. ಇದು ದೀಪಾವಳಿ ಹಿಂದಿನ ದಿವ್ಸ. ಬಲಿಪಾಡ್ಯಮಿ ಆದ್ಮೇಲೆ ಸಂಕ್ರಾಂತಿ ಗಂಟ ಇಲ್ಲಿಗೆ ಕುಡುಗೋಲು ಇಳಿಯಕಿಲ್ಲ. ಹಕ್ಕಿ ಮೊಟ್ಟೆ ಇಡೋ ಕಾಲ. ತಾತನ ಕಾಲದಿಂದ ಅಂಗೇ."

ಬಿರುಗಾಳಿ ಬಂದದ್ದು ದೀಪಾವಳಿಯಾಗಿ ಹನ್ನೆರಡು ದಿನಕ್ಕೆ. ಮಾರ್ನಮಿಯಿಂದ ದೀಪಾವಳಿಗೆ ಇಪ್ಪತ್ತು ದಿನ. ಆ ಇಪ್ಪತ್ತು ದಿನದಲ್ಲಿ, ಹಿಂಗಾರಿನ ನಡುವೆ, ತೊಡೆಯಾಳದ ನೀರು ಬತ್ತಿ ಹೋಗಿತ್ತು. ನೀರು ತಾನಾಗಿ ಹಾಗೆ ಹೋಗುವುದಿಲ್ಲ. ಯಾರೋ ಒಡ್ಡಿಗೆ ಬುಡದ ತನಕ ಬಾಯಿ ತೆರೆದಿದ್ದರೆ ಮಾತ್ರ ಹೋಗುತ್ತದೆ.

"ಒಂಬತ್ತು ದಿನದಿಂದ ಯಾಕೆ ಬಾಯಿ ಬಿಡಲಿಲ್ಲ?" ಅವನ ದನಿ ಏರಿತು.

ಮರಿತಾಯಮ್ಮ ಮೊದಲ ಸಲ ತಲೆ ತಗ್ಗಿಸಿದಳು. "ಪಟೇಲ್ರು ಏಳಿದ್ರು, ಕಳೆ ತೆಗೆಯೋಕೆ ವಸಿ ನೀರು ಇಳಿಸ್ತೀವಿ, ಹಬ್ಬ ಆಗ್ತಿದ್ದಂಗೆ ಬಾಯಿ ಮುಚ್ತೀವಿ ಅಂತ. ನಾವು ಎಂಗಸ್ರು ಖುಸಿ ಬಿದ್ವಿ ಕಣಪ್ಪ. ಒಣ ಕಾಲಲ್ಲಿ ನಿಂತು ಕುಯ್ದ್ವಿ. ಜಿಗಣೆ ಕಾಟ ಇಲ್ಲ, ಹೊರೆ ತೂಕ ಇಲ್ಲ. ಆಡ್ಕೊಂಡು ನಕ್ಕೊಂಡು ಕುಯ್ದ್ವಿ. ಮುಚ್ಚಿದ್ದಾರೆ ಅಂತ್ಲೇ ತಿಳ್ಕಂಡಿದ್ವಿ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಕೆಂಪಣ್ಣ ಒಬ್ಬನೇ ಏಳ್ತಿದ್ದ, ಮುಚ್ಚಿಲ್ಲ ಕಣ್ರೋ, ದೊಡ್ಡ ಮಳೆ ಬಂದ್ರೆ ನಿಮ್ಮ ಮನೆ ಉಳಿಯಕಿಲ್ಲ ಅಂತ. ಮುದುಕನಿಗೆ ಅರುಳುಮರುಳು ಅಂದ್ವಿ. ನಿನ್ನೆ ನಾನು ಇಲ್ಲಿಗೆ ಬಂದು ಈ ಕುಡಿ ನೋಡಿದ ಮೇಲೆ ಗೊತ್ತಾಯ್ತು, ಅವ್ನು ಏಳಿದ್ದು ದಿಟ ಅಂತ."

ಕುಡಿ. ಚಲುವರಾಜು ಒಂದು ಹಸಿರು ಕುಡಿಯನ್ನು ಮುಟ್ಟಿದ. ಅವಳು ಅದನ್ನು ಯಾಕೆ ಹೇಳಿದಳೆಂದು ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

ಎರಡು ಕೂಳೆಗಳನ್ನು, ಉದ್ದದ್ದೊಂದು ಗಿಡ್ಡದ್ದೊಂದು, ಅವನು ಬೇರು ಸಮೇತ ಕಿತ್ತು ಟವೆಲಿನಲ್ಲಿ ಸುತ್ತಿಕೊಂಡ.

"ಆ ಚಾಪೆ," ಎಂದ, ದಡಕ್ಕೆ ಬರುತ್ತ. "ಕೆಂಪಯ್ಯ ಬಸ್ಸಿಗೆ ಒಯ್ದದ್ದು. ನಿಮ್ಮದಾ?"

"ನಂದೇ. ದುಡ್ಡು ಕೊಡೋಕೆ ಬಂದ, ನಾನು ಈಸ್ಕಳ್ಳಿಲ್ಲ. 'ನಮ್ ಮಾತು ಕೇಳೋ ದೊಡ್ಡೋರು ಒಬ್ರು ಅವ್ರೆ, ಅವ್ರ ಮನೆಗೆ ಬರಿಗೈಲಿ ಎಂಗ್ ಓಗ್ಲಿ ಮರಿತಾಯಿ' ಅಂದ."

"ಯಾರು ಅಂತ ಹೇಳಲಿಲ್ಲವಾ?"

"ಏಳ್ಳಿಲ್ಲ."

*

ತಿಮ್ಮಯ್ಯನ ಆಲೆಮನೆ ಒಡ್ಡಿನ ಕೆಳಗೇ ಇತ್ತು. ಪ್ರವಾಹ ಅದನ್ನು ಮುಟ್ಟಿರಲಿಲ್ಲ. ನೀರಿಗೂ ದಾರಿ ತೋರಿಸಿಕೊಟ್ಟಂತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಅರ್ಧ ಮೈಲಿ ಕೆಳಗೆ ಜನ ಕೆಸರಿನಲ್ಲಿ ರಾಗಿ ಹೆಕ್ಕುತ್ತಿದ್ದರು.

ತಿಮ್ಮಯ್ಯ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಬಿಳಿ ಪಂಚೆ, ಬಿಳಿ ಮೀಸೆ. ಪಕ್ಕದ ಕುರ್ಚಿಯ ತುದಿಯಲ್ಲಿ ನೀರಾವರಿ ಇಲಾಖೆಯ ಓವರ್ಸಿಯರ್ ತಿರುನಾರಾಯಣ. ಸಣಕಲು ಮೈ, ಹಣೆಯ ಮೇಲೆ ತೆಳ್ಳಗೆ ನಾಮ, ತೊಡೆಯ ಮೇಲೆ ಫೈಲು. ಸಂಜೆ ತಹಸೀಲ್ದಾರರ ಮುಂದೆ ಇಡಬೇಕಾದ ಕಾಗದ ಅದರಲ್ಲಿತ್ತು.

"ಬರ್ಬೇಕು ಇನ್ಸ್‌ಪೆಟ್ರು. ಬರಿಗಾಲಲ್ಲಿ ಬಂದಿದ್ದೀರಿ, ಹರಕೆ ಏನಾದ್ರೂ ಹೊತ್ತಿದ್ದೀರಾ? ಲೇ, ಸಾಹೇಬ್ರಿಗೆ ಕಾಲಿಗೆ ನೀರು ಕೊಡ್ರೋ."

"ನೀರು ಬೇಡ. ನಿಮ್ಮ ನೀರು ಸಾಕಾಗಿದೆ."

ಅವನು ಟವೆಲು ಬಿಡಿಸಿ ಎರಡು ಕೂಳೆಗಳನ್ನು ಮಂಚದ ಮೇಲೆ ಇಟ್ಟ. ಕೆಸರು ಬಿಳಿ ಪಂಚೆಗೆ ತಾಗಿತು. ತಿಮ್ಮಯ್ಯ ಅಲುಗಲಿಲ್ಲ.

"ಒಡ್ಡಿಗೆ ಬಾಯಿ ಯಾವತ್ತು ತೆರೆದಿರಿ?"

"ಮಹಜರು ಓದಿಲ್ವಾ? ಆ ರಾತ್ರಿ ಕೆಂಪ ಕಡಿದ."

"ದೀಪಾವಳಿಗೇ ಜೌಗು ಬರಿದಾಗಿತ್ತು. ಅವತ್ತು ಕೊಯ್ದ ಜೊಂಡು ಕೆಸರಿನಿಂದ ಗೇಣುದ್ದ ನಿಂತಿದೆ. ನೀರಿದ್ದಿದ್ದರೆ ಇಷ್ಟುದ್ದ ಇರಬೇಕಿತ್ತು." ಅವನು ಉದ್ದದ ಕೂಳೆಯನ್ನು ತಟ್ಟಿದ.

ತಿಮ್ಮಯ್ಯ ತಿರುನಾರಾಯಣನ ಕಡೆ ನೋಡಿದ. ತಿರುನಾರಾಯಣ ಫೈಲಿನ ದಾರ ನೋಡಿದ.

"ಓ, ಅದಾ!" ಪಟೇಲ ನಕ್ಕ. "ವಸಿ ನೀರು ಇಳಿಸಿದ್ವಿ. ಊರಿಗೆಲ್ಲ ಗೊತ್ತು. ಹಬ್ಬದ ಮಾರನೇ ದಿವ್ಸವೇ ಬಾಯಿ ಮುಚ್ಚಿಸ್ಬುಟ್ಟೆ. ನೀರು ಮತ್ತೆ ತುಂಬ್ತು. ತುಂಬಿದ ಮೇಲೇ ಕೆಂಪ ಒಡ್ಡು ಕಡಿದಿದ್ದು."

ಈ ಮಾತಿಗೇ ಚಲುವರಾಜು ಕಾದಿದ್ದ.

"ಮುಚ್ಚಿದ ಮೇಲೆ ನೀರು ಎಷ್ಟು ಏರಿತು?"

"ಮಾಮೂಲು ಮಟ್ಟಕ್ಕೆ. ತೊಡೆ ಗಂಟ."

"ಹನ್ನೆರಡು ದಿನ?"

"ಹನ್ನೆರಡು ದಿವ್ಸಾನೂ ಇತ್ತು ಕಣಪ್ಪ."

ಚಲುವರಾಜು ಗಿಡ್ಡ ಕೂಳೆಯನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದ. "ಕೂಳೆಯ ಬಾಯಿ ನೀರಲ್ಲಿ ಮುಳುಗಿದರೆ ವಾರದೊಳಗೆ ಕೊಳೆಯುತ್ತದೆ. ಇದು ಕುಡಿ ಒಡೆದಿದೆ. ನೋಡಿ. ಮುಟ್ಟಿ ನೋಡಿ. ಇದರ ತಲೆ ಮೇಲೆ ನೀರು ನಿಂತೇ ಇಲ್ಲ. ಬಿರುಗಾಳಿಯ ದಿನ ಹರಿದು ಹೋದದ್ದು ಬಿಟ್ಟರೆ ಒಂದು ದಿನವೂ ನಿಂತಿಲ್ಲ. ನೀವು ಬಾಯಿ ಮುಚ್ಚಲೇ ಇಲ್ಲ. ಕಡಿಯೋಕೆ ಅಲ್ಲಿ ಒಡ್ಡೇ ಇರಲಿಲ್ಲ. ಕೆಂಪಯ್ಯ ಏನನ್ನು ಕಡಿದ ಹೇಳಿ? ಗಾಳಿನಾ?"

ತಿಮ್ಮಯ್ಯ ಕೂಳೆಯನ್ನು ಬೆರಳಿನಿಂದ ಆಚೆ ಸರಿಸಿದ.

"ಎಂಗಸ್ರ ಮಾತು ಕಟ್ಕಂಡು ಬಂದು," ಎಂದ. "ಎಪ್ಪತ್ತು ಎಕರೆ ಬಂಜೆ ನೆಲ. ಸೊಳ್ಳೆ, ಜಿಗಣೆ, ಹಾವು. ಸರ್ಕಾರದ ಪುಸ್ತಕದಲ್ಲೇ ಅದು ಖರಾಬು ಅಂತ ಅದೆ. ಕಂದಾಯ ಸೊನ್ನೆ. ಬೆಲೆ ಸೊನ್ನೆ. ಸೊನ್ನೇಲಿ ಕಬ್ಬು ಬೆಳೆಯೋನು ಕಳ್ಳನಾ?"

"ಸೊನ್ನೆ." ಚಲುವರಾಜು ಓವರ್ಸಿಯರ್ ಕಡೆ ತಿರುಗಿದ. "ಸ್ವಾಮಿ, ಹದಿನೇಳು ವರ್ಷದ ಹಿಂದೆ ಇದಕ್ಕಿಂತ ದೊಡ್ಡ ಮಳೆ ಬಂತಂತಲ್ಲ. ಆಗ ಕೊಪ್ಪಲಿನಲ್ಲಿ ಎಷ್ಟು ಮನೆ ಬಿತ್ತು?"

ತಿರುನಾರಾಯಣ ಕನ್ನಡಕ ತೆಗೆದು ಒರೆಸಿದ. "ಮನೆ ಬೀಳಲಿಲ್ಲ. ಒಂದು ದನದ ಕೊಟ್ಟಿಗೆಯ ಸೂರು ಹಾರಿತ್ತು. ರೆಕಾರ್ಡಿನಲ್ಲಿದೆ."

"ನೀವು ಸುಮ್ನಿರಿ ಅಯ್ನೋರೆ," ಎಂದ ತಿಮ್ಮಯ್ಯ.

ಆದರೆ ಸಣಕಲು ಮನುಷ್ಯ ಸುಮ್ಮನಿರಲಿಲ್ಲ. "ನಾನು ಒಂದು ಎಸ್ಟಿಮೇಟ್ ಮಾಡಿದ್ದೆ. ಜೌಗು ಬಸಿದರೆ ಆ ಮಳೆನೀರನ್ನೆಲ್ಲ ಹಿಡಿಯೋದಕ್ಕೆ ಕೊಪ್ಪಲಿನ ಮೇಲೆ ಕಲ್ಲಿನ ತಡೆಗೋಡೆ ಕಟ್ಟಬೇಕಾಗುತ್ತೆ, ಹಳ್ಳಕ್ಕೆ ಎರಡೂ ಕಡೆ ಏರಿ ಹಾಕಬೇಕಾಗುತ್ತೆ ಅಂತ. ನಾಲ್ಕು ಲಕ್ಷ ಆಗುತ್ತೆ ಅಂತ ಬರೆದಿದ್ದೆ. ಅದೂ ಜೊಂಡಿನಷ್ಟು ಚೆನ್ನಾಗಿ ತಡೆಯೋದಿಲ್ಲ ಅಂತಲೂ ಬರೆದಿದ್ದೆ."

"ಜೊಂಡು ಪುಕ್ಕಟೆ ಮಾಡ್ತಿದ್ದ ಕೆಲಸಕ್ಕೆ ನಾಲ್ಕು ಲಕ್ಷ."

"ಹೌದು. ಪ್ರತಿ ವರ್ಷ ರಿಪೇರಿ ಬೇರೆ."

"ಆ ಹಾಳೆ ಎಲ್ಲಿದೆ?"

ತಿರುನಾರಾಯಣ ಕನ್ನಡಕ ಹಾಕಿಕೊಂಡ. ಫೈಲನ್ನು ಎದೆಗೆ ಒತ್ತಿಕೊಂಡ. "ಫೈಲಿನಲ್ಲಿ ಉಳಿಯಲಿಲ್ಲ."

ಚಲುವರಾಜುವಿಗೆ ಯಾರನ್ನಾದರೂ ಹೊಡೆಯಬೇಕೆನಿಸಿತು. ಪಟೇಲನನ್ನಲ್ಲ. ಪಟೇಲ ಆಸೆಬುರುಕ. ಆಸೆಬುರುಕನನ್ನು ಅರ್ಥ ಮಾಡಿಕೊಳ್ಳಬಹುದು. ಎಲ್ಲ ಗೊತ್ತಿದ್ದು, ಸರಿಯಾಗಿ ಬರೆದು, ಬರೆದದ್ದನ್ನು ಕಿತ್ತುಹಾಕಲು ಬಿಟ್ಟ ಈ ಚೊಕ್ಕ ಬೆರಳುಗಳನ್ನು ಏನು ಮಾಡಬೇಕು?

"ನೀವು ಹಸು ಎಷ್ಟು ಹಾಲು ಕೊಡ್ತು ಅಂತ ಬರ್ಕೊಳ್ತೀರಿ. ಅದನ್ನ ಚಿರತೆ ಬಾಯಿಗೆ ಬೀಳದ ಹಾಗೆ ಕಾದ ನಾಯಿಗೆ ಸೊನ್ನೆ ಅಂತ ಬರೀತೀರಿ. ನಾಯಿ ಸತ್ತ ದಿನ ಗೊತ್ತಾಗುತ್ತೆ ಅದರ ಬೆಲೆ. ಆರು ಜನ ಸ್ವಾಮಿ. ಅದರಲ್ಲಿ ಒಂದು ಮಗು ತೊಟ್ಟಿಲು ಸಮೇತ ಸಿಕ್ಕಿತು. ಬರೆಯಿರಿ, ಖರಾಬು."

ಅವನು ಪಟೇಲನ ಕಡೆ ತಿರುಗಿದ.

"ಎದ್ದೇಳಿ ಪಟೇಲ್ರೆ. ಐದಕ್ಕೆ ತಹಸೀಲ್ದಾರ್ ಬರ್ತಾರೆ. ಅವರ ಮುಂದೆ ನಿಮ್ಮ ಮಹಜರು ಹರಿದು ಹೊಸದು ಬರೀತೀನಿ. ಕೊಪ್ಪಲಿನ ಎಲ್ಲರ ಎದುರಿಗೆ ದೇವಿರಮ್ಮನ ಗಂಡನ ಮೇಲಿನ ಕಳಂಕ ತೊಳೀತೀನಿ. ಆಮೇಲೆ ಕೆಂಪಯ್ಯನನ್ನ ಎಲ್ಲಿ ಹೂತಿದ್ದೀರಿ ಅಂತ ಕೇಳ್ತೀನಿ."

ಕೊನೆಯ ಮಾತಿಗೆ ತಿಮ್ಮಯ್ಯ ಹುಬ್ಬೇರಿಸಿದ. ಅದರಲ್ಲಿ ಭಯವಿರಲಿಲ್ಲ. ಆಶ್ಚರ್ಯವಿತ್ತು. ಆ ಆಶ್ಚರ್ಯ ನಿಜವೆಂಬಂತೆ ಕಂಡಿತು. ಚಲುವರಾಜುವಿಗೆ ಮೊದಲ ಸಲ ಹೆಜ್ಜೆ ತಪ್ಪಿದ ಹಾಗಾಯಿತು.

"ಕೆಂಪನ್ನ ನಾನು ಕಂಡೇ ಇಲ್ಲ ಮಗ. ಗಾಳಿ ಬರೋ ಹಿಂದಿನ ದಿವ್ಸದಿಂದ್ಲೂ ಕಂಡಿಲ್ಲ. ಓಡೋದ ಅಂತ ದಿಟವಾಗೂ ನಂಬಿದ್ದೆ. ಸಲೀಸಾಯ್ತು, ಅವನ ತಲೆಗೆ ಕಟ್ದೆ. ಅದು ನನ್ ತಪ್ಪು. ಬರ್ಕೊ." ಅವನು ಇನ್‌ಸ್ಪೆಕ್ಟರು ಎನ್ನುವುದನ್ನು ಬಿಟ್ಟಿದ್ದ. "ಒಡ್ಡಿಗೆ ಬಾಯಿ ತೆರ್ದೋನು ನಾನು, ಅದನ್ನೂ ಬರ್ಕೊ. ಆದ್ರೆ ಒಬ್ಬನೇ ಅಂತ ಬರೀಬೇಡ. ಅಯ್ನೋರೆ, ಆ ಪಟ್ಟಿ ಕೊಡಿ ಅವನ ಕೈಗೆ."

"ಅದು ಈಗ ಬೇಡ—"

"ಕೊಡಿ ಅಂದ್ರೆ ಕೊಡಿ!"

ತಿರುನಾರಾಯಣ ಒಂದು ಹಾಳೆ ಎಳೆದು ಕೊಟ್ಟ. ದರಖಾಸ್ತು ಅರ್ಜಿ. 'ಸದರಿ ಜಮೀನು ಒಣಗಿ ಸಾಗುವಳಿಗೆ ಯೋಗ್ಯವಾಗಿರುತ್ತದೆ. ಆದ್ದರಿಂದ ಈ ಕೆಳಕಂಡವರಿಗೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.' ತಾರೀಖು ದೀಪಾವಳಿಯ ಹಿಂದಿನ ವಾರದ್ದು. ಹನ್ನೆರಡು ಹೆಸರು. ಮೊದಲನೆಯದು ತಿಮ್ಮಯ್ಯ. ಎರಡನೆಯದು ತಿಮ್ಮಯ್ಯನ ಅಳಿಯ.

ಮೂರನೆಯದು: ಯಶೋದಮ್ಮ ಕೋಂ ಲೇಟ್ ದಾಸೇಗೌಡ, ನಿಡಘಟ್ಟ. ಮೂರು ಎಕರೆ.

ಪಕ್ಕದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು. ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿ ಬಿರುಕು. ರಾಗಿ ಕೊಯ್ಯುವಾಗ ಅವ್ವನಿಗೆ ಕುಡುಗೋಲು ತಾಗಿ ಆದ ಗಾಯದ ಗುರುತು. ಆಗ ಅವನಿಗೆ ಆರು ವರ್ಷ. ಆ ಬೆರಳಿಗೆ ಅರಿಶಿನ ಮೆತ್ತಿದ್ದು ಅವನೇ.

"ಮೋಸ ಮಾಡಿ ಒತ್ತಿಸ್ಕಂಡ ಅಂತ ತಿಳ್ಕಬೇಡ," ಎಂದ ತಿಮ್ಮಯ್ಯ. ದನಿಯಲ್ಲಿ ಕರುಣೆಯಂಥದ್ದೇನೋ ಇತ್ತು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಅವಳೇ ಕೇಳ್ಕಂಡು ಬಂದ್ಲು. ಜೀವಮಾನವೆಲ್ಲ ಮಳೆ ನೋಡ್ಕಂಡು ರಾಗಿ ಬೆಳೆದೋಳು. ಸಾಯೋದ್ರೊಳಗೆ ನೀರು ನಿಂತ ಗದ್ದೇಲಿ ಒಂದು ಸಲ ಕಾಲಿಡಬೇಕು ಅಂದ್ಲು. ಬಾಯಿ ತೆರೆದ ದಿವ್ಸ ಒಡ್ಡಿನ ಮೇಲೆ ನಿಂತು ನೋಡಿದ್ಲು. ನನ್ ಮಗನಿಗೆ ಏಳ್ಬೇಡಿ, ಅವ್ನು ನ್ಯಾಯ ಗೀಯ ಅಂತ ಮಾತಾಡ್ತಾನೆ ಅಂದ್ಲು. ಈಗ ಬರಿ ಮಗ. ಮೊದಲ್ನೇ ಆರೋಪಿ ನಾನು. ಮೂರನೇ ಹೆಸರು ಏನು ಅಂತ ಕೊಪ್ಲಿನೋರ ಮುಂದೆ ಓದು. ಅವ್ರ ತಾವ ಇನ್ನೂ ಕಲ್ಲು ಅವೆ."

*

ಚೌಡಯ್ಯ ಆಲೆಮನೆಯ ದಾರಿಗೆ ತಂದು ನಿಲ್ಲಿಸಿದ್ದ ಜೀಪಿನ ಹತ್ತಿರ ಮರಿತಾಯಮ್ಮ ಕಾಯುತ್ತಿದ್ದಳು. ಅವನ ಬೂಟುಗಳನ್ನು ಅವಳೇ ಹೊತ್ತು ತಂದಿದ್ದಳು. ಚೌಡಯ್ಯ ಸ್ಟೇರಿಂಗಿನ ಹಿಂದೆ ಕೂತಿದ್ದ. ಹಿಂದಿನ ಸೀಟಿನಲ್ಲಿ ದೇವಿರಮ್ಮ. ಹಣೆಯ ಮೇಲೆ ಸಣ್ಣ ಗಾಯವಿತ್ತು. ಮೂರನೆಯ ಕಲ್ಲು ಕೊನೆಗೂ ಬಿದ್ದಿತ್ತು.

"ಬರ್ದ್ರಾ ಸಾ?" ಎಂದಳು ದೇವಿರಮ್ಮ. "ನನ್ ಗಂಡ ಕಡೀಲಿಲ್ಲ ಅಂತ ಬರ್ದ್ರಾ?"

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಹಾಳೆ ಅವನ ಜೇಬಿನಲ್ಲಿತ್ತು. ಹರಿದು ಹಾಕಲು ಎರಡು ಬೆರಳು ಸಾಕು. ಫೈಲಿನಲ್ಲಿ ಉಳಿಯಲಿಲ್ಲ ಎನ್ನಬಹುದು. ತಿರುನಾರಾಯಣನೂ ಬಹುಶಃ ಹೀಗೇ ಒಂದು ಮಧ್ಯಾಹ್ನ, ಇಂಥದೇ ಬಿಸಿಲಿನಲ್ಲಿ ನಿಂತು ಯೋಚಿಸಿದ್ದಿರಬೇಕು.

ಅವನು ಮರಿತಾಯಮ್ಮನ ಕಡೆ ತಿರುಗಿದ.

"ಕೆಂಪಯ್ಯನಿಗೆ ಕೊಟ್ಟ ಚಾಪೆ ಹೇಗಿತ್ತು?"

"ಎಂಗಿತ್ತು ಅಂದ್ರೆ? ಚಾಪೆ ಇದ್ದಂಗಿತ್ತು."

"ಅಂಚು. ಅಂಚು ಹೇಗಿತ್ತು?"

ಅವನ ದನಿಗೆ ಅವಳ ನಗು ಹೋಯಿತು. "ಬಣ್ಣದ್ದು. ಮೂರು ಕೆಂಪು ಎಳೆ, ಅದರ ಮಗ್ಗುಲಿಗೆ ಒಂದು ಕಪ್ಪು. ಕಪ್ಪು ಎಳೆ ಒಂದು ಮೂಲೇಲಿ ತುಂಡಾಗಿತ್ತು. ಬಣ್ಣ ಹಾಕಿದ ಜೊಂಡು ಸಾಲ್ನಿಲ್ಲ. ಕೆಂಪಣ್ಣನಿಗೆ ಏಳ್ದೆ, ಹಿಂಗೇ ಕೊಡಬೇಡ, ನಾಚಿಕೆ ಆಯ್ತದೆ ಅಂತ. ಕೇಳ್ಳಿಲ್ಲ."

ನಿನ್ನೆ ಎರಡನೆಯ ಮುದ್ದೆಗಾಗಿ ಕಾಯುತ್ತ ಕೂತಿದ್ದಾಗ ಅವನ ಎಡಗೈ ಸುಮ್ಮನೆ ಚಾಪೆಯ ಅಂಚಿನ ಮೇಲೆ ಆಡುತ್ತಿತ್ತು. ಮೂರು ಕೆಂಪು. ಒಂದು ಕಪ್ಪು. ಮೂಲೆಯಲ್ಲಿ ಕಪ್ಪು ಎಳೆ ಮುಗಿದುಹೋದ ಜಾಗದಲ್ಲಿ ಉಗುರು ನಿಂತಿತ್ತು.

ಬಿರುಗಾಳಿಯ ಹಿಂದಿನ ದಿನ ಅವನು ಮಳವಳ್ಳಿಯಲ್ಲಿ ಬಂದೋಬಸ್ತಿನಲ್ಲಿದ್ದ. ಮದ್ದೂರಿನ ಸ್ಟೇಷನ್ನಿನಲ್ಲಿ ಅವನು ಸಿಗದಿದ್ದಾಗ ಕೆಂಪಯ್ಯ ಅವನನ್ನೇ ಹುಡುಕಿಕೊಂಡು ಅವನ ತಾಯಿಯ ಮನೆಗೆ ಹೋಗಿದ್ದ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಚಾಪೆ ಹಿಡಿದು.

"ಕೊಪ್ಲಿಗಾ ಸಾ? ಸ್ಟೇಷನ್‌ಗಾ?" ಚೌಡಯ್ಯ ಗೇರು ಹಾಕಿದ.

"ನಿಡಘಟ್ಟಕ್ಕೆ."

"ಐದು ಗಂಟೆಗೆ ತಹಸೀಲ್ದಾರ್ರು—"

"ನಿಡಘಟ್ಟಕ್ಕೆ ನಡೀಲಾ!"

ಜೀಪು ಕೆಸರು ಸಿಡಿಸಿ ಮೇಲೆದ್ದಿತು. ಚಲುವರಾಜು ಬೂಟು ಹಾಕಿಕೊಳ್ಳಲಿಲ್ಲ. ನಿನ್ನೆ ಅವನು ಅವ್ವನಿಗೆ ತಪ್ಪು ಪ್ರಶ್ನೆ ಕೇಳಿದ್ದ. ಯಾರಾದರೂ ಮುದುಕ ಬಂದಿದ್ದನಾ ಎಂದು ಕೇಳಿದ್ದ.

ಕೇಳಬೇಕಾಗಿದ್ದದ್ದು, ಬಂದವನು ಆ ಮನೆಯಿಂದ ಹೊರಗೆ ಹೋದನಾ ಎಂದು.